ಗೇಟಣ್ಣನ ಪಾಸ್‌ವರ್ಡು

ಆಫೀಸಿನಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಕಸ ಗುಡಿಸುವವಳಿಂದ ಹಿಡಿದು ಇಂಜಿನಿಯರ್ ಸಾಹೇಬರ ತನಕ ಎಲ್ಲರ ಬಾಯಲ್ಲೂ ಅವಳು ಪಾಸ್‌ವರ್ಡ್ ಅಕ್ಕ. ಯಾಕೆ ಅಂತೀರಾ? ಅಣೆಕಟ್ಟೆಯ ಆ ಆಫೀಸಿನಲ್ಲಿ ಇರುವುದು ನಲವತ್ತೆರಡು ಜನ. ರಜೆ ಕಳೆದು ಬಂದ ಬೆಳಿಗ್ಗೆ ಅಷ್ಟೂ ಜನಕ್ಕೆ ಪಾಸ್‌ವರ್ಡ್ ಮರೆತಿರುತ್ತದೆ. ಅವಳ ಮೇಜಿನ ಮುಂದೆ ಸಾಲು ನಿಲ್ಲುತ್ತಾರೆ. "ಅಕ್ಕಾ, ನಂದೂ ಒಂದು ನೋಡಿ." "ಮೊನ್ನೆ ತಾನೇ ಹೊಸದು ಮಾಡ್ಕೊಟ್ಟೆನಲ್ಲಪ್ಪಾ?" "ಅದೇ ಮರೆತೋಯ್ತು." ಅವಳು ಬೈಯುತ್ತಾಳೆ, ಬೈಯುತ್ತಲೇ ಮಾಡಿಕೊಡುತ್ತಾಳೆ. ಇಪ್ಪತ್ತೊಂದು ವರ್ಷದಿಂದ ಇದೇ ಕೆಲಸ.

ಅವಳದ್ದೊಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಯಾರಾದರೂ ಪಾಸ್‌ವರ್ಡ್ ಒತ್ತುವಾಗ ಎದ್ದು ನಿಂತು ಗೋಡೆಯ ಕಡೆಗೆ ಮುಖ ತಿರುಗಿಸಿಬಿಡುತ್ತಿದ್ದಳು. ಸುಮ್ಮನೆ ಕಣ್ಣು ಬೇರೆ ಕಡೆ ಹಾಯಿಸುವುದಲ್ಲ, ಪೂರ್ತಿ ಬೆನ್ನು. ಹೊಸದಾಗಿ ಬಂದವರು ಕಿಸಕ್ಕನೆ ನಗುತ್ತಿದ್ದರು. ನಗಲಿ ಬಿಡಿ. ಇನ್ನೊಬ್ಬರ ಪಾಸ್‌ವರ್ಡ್ ಇವಳಿಗೆ ಗೊತ್ತು ಅನ್ನುವ ಮಾತು ತನ್ನ ತಲೆಯ ಮೇಲೆ ಎಂದೂ ಬರಬಾರದು ಎಂಬುದು ಅವಳ ಹಟ.

ಆ ಹಟವನ್ನು ಕಲಿಸಿದವನು ಅವಳ ಅಣ್ಣ. ಅವನಿಗೂ ಹೆಸರಿಲ್ಲ, ಗೇಟಣ್ಣ ಎಂದರೆ ಸಾಕು. ಅಣೆಕಟ್ಟೆಯ ಗೇಟುಗಳನ್ನು ತೆರೆದು ಮುಚ್ಚಿ ಹತ್ತಿರ ಹತ್ತಿರ ನಲವತ್ತು ವರ್ಷ ಸವೆಸಿದವನು. ಅಪ್ಪ ಸತ್ತಾಗ ಅವನಿಗೆ ಹತ್ತೊಂಬತ್ತು, ಇವಳಿಗೆ ಎಂಟು. ಅಮ್ಮ ಅಪ್ಪನಿಗಿಂತ ಮೊದಲೇ ಹೋಗಿದ್ದಳು. ಅವನು ಓದು ಬಿಟ್ಟು, ಅಣೆಕಟ್ಟೆಯ ಮೇಲೆ ಗೇಟುಗಳನ್ನು ನಡೆಸುವ ಗೇಟು ಮನೆಯಲ್ಲಿ ಕೆಲಸ ಹಿಡಿದ. ಮನೆಯಲ್ಲಿ ತಂಗಿಯನ್ನು ಒಬ್ಬಳೇ ಬಿಡಲಾರದೆ ಅಲ್ಲಿಗೇ ಕರೆದೊಯ್ಯುತ್ತಿದ್ದ. ಎಣ್ಣೆ ವಾಸನೆಯ ಆ ಕೋಣೆಯಲ್ಲಿ ಮಗ್ಗಿ ಬರೆಯುತ್ತಾ ಕೂತಿರುತ್ತಿದ್ದಳು. ನೀರು ಬಿಡುವ ಮೊದಲು ಅವನು ಬಂದು ಅವಳ ಎರಡೂ ಕೈ ಹಿಡಿದು ಕಿವಿಯ ಮೇಲೆ ಒತ್ತಿ, "ಪುಟ್ಟಿ, ಗಟ್ಟಿಯಾಗಿ ಮುಚ್ಕೋ" ಎಂದು ಹೇಳಿ ಸೈರನ್ ಹೊಡೆಯುತ್ತಿದ್ದ. ಒಟ್ಟು ಮೂರು ಸಲ, ನಡುನಡುವೆ ಐದೈದು ನಿಮಿಷ ಬಿಟ್ಟು. ಕೆಳಗೆ ಹೊಳೆಯ ಪಾತ್ರದಲ್ಲಿ ಬಟ್ಟೆ ಒಗೆಯುವವರು, ಮೀನು ಹಿಡಿಯುವವರು, ಸುಮ್ಮನೆ ಕಾಲು ಚಾಚಿ ಕೂತವರು, ಎಲ್ಲರೂ ದಡ ಹತ್ತಬೇಕು. ಆಮೇಲಷ್ಟೇ ಗೇಟು.

"ಇಲ್ಲಿ ನಾನು ಒಂದು ಗುಂಡಿ ಒತ್ತಿದ್ರೆ ಅಲ್ಲಿ ಒಬ್ಬನ ಮನೆ ದೀಪ ಆರ್ಬಹುದು ಕಣೇ. ನಮ್ಮ ಕೆಲಸದಲ್ಲಿ ಗೊತ್ತಿಲ್ದೆ ಆಯ್ತು ಅನ್ನೋ ಮಾತಿಲ್ಲ," ಎನ್ನುತ್ತಿದ್ದ. ಆ ಮಾತು ಅವಳ ಎದೆಯಲ್ಲಿ ಕೂತಿತ್ತು.

ಮೂರು ವರ್ಷದ ಹಿಂದೆ ಗೇಟಿನ ಕಬ್ಬಿಣದ ಏಣಿಯಿಂದ ಜಾರಿ ಬಿದ್ದು ಅವನ ಸೊಂಟ ಮುರಿಯಿತು. ಕೂಡಿಕೊಂಡಿತೇನೋ ನಿಜ, ಆದರೆ ಗೇಟು ಮನೆಯ ಎಂಬತ್ತು ಮೆಟ್ಟಿಲು ಹತ್ತುವುದು ಕನಸಿನ ಮಾತಾಯಿತು. ಅವನಷ್ಟು ಪಳಗಿದ ಕೈ ಇನ್ನೊಂದಿಲ್ಲ, ಮನೆಯಿಂದಲೇ ಮಾಡಲಿ ಎಂದರು ಸಾಹೇಬರು. ಪಾಸ್‌ವರ್ಡ್ ಅಕ್ಕ ಅಣ್ಣನ ಮನೆಗೆ ಒಂದು ಕಂಪ್ಯೂಟರ್ ತಂದಿಟ್ಟು ರಿಮೋಟ್ ಡೆಸ್ಕ್‌ಟಾಪ್ ಜೋಡಿಸಿಕೊಟ್ಟಳು. ಅದನ್ನು ತೆರೆದರೆ ಗೇಟು ಮನೆಯ ಕಂಪ್ಯೂಟರಿನ ಪರದೆಯೇ ಇವನ ಮನೆಯ ಕಿಟಕಿ ಪಕ್ಕದ ಮೇಜಿಗೆ ಬರುತ್ತದೆ: ನೀರಿನ ಮಟ್ಟ, ಸೈರನ್ನಿನ ಗುಂಡಿ, ನಾಲ್ಕು ಗೇಟಿನ ನಾಲ್ಕು ಗುಂಡಿ. ದಿನಾ ಬೆಳಿಗ್ಗೆ ಏಳಕ್ಕೆ ಎರಡನೇ ಗೇಟು ತೆರೆಯುವುದು ಅವನ ಪಾಲಿನ ಕೆಲಸ.

ಅವತ್ತು ಅವಳು ಇನ್ನೊಂದು ಕೆಲಸ ಮಾಡಿದ್ದಳು. ಪಾಪ, ಅಣ್ಣನಿಗೆ ದಿನಾ ಯಾಕೆ ಒತ್ತುವ ಗೋಳು ಎಂದು, 'ಲಾಗಿನ್ ನೆನಪಿಟ್ಟುಕೊ' ಎಂಬ ಚೌಕಕ್ಕೆ ತನ್ನ ಕೈಯಾರೆ ಗುರುತು ಹಾಕಿಕೊಟ್ಟಳು. ನಲವತ್ತೆರಡು ಜನಕ್ಕೆ ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಿ ಎಂದು ಪ್ರಾಣ ತಿನ್ನುವವಳು ಅಣ್ಣನೊಬ್ಬನಿಗೆ ರಿಯಾಯಿತಿ ಕೊಟ್ಟಳು. ಅವನದ್ದು ಹದಿನೈದು ವರ್ಷದಿಂದ ಅದೇ ಪಾಸ್‌ವರ್ಡು. ರಕ್ತ ಸಂಬಂಧ ನೋಡಿ, ಕಾನೂನು ಅಲ್ಲಿ ಸ್ವಲ್ಪ ಕಣ್ಣು ಮುಚ್ಚುತ್ತದೆ.

ಆಮೇಲೆ ಯಾವಾಗ ಶುರುವಾಯಿತೋ ಯಾರಿಗೆ ಗೊತ್ತು. ಒಂದು ದಿನ ಬೆಳಿಗ್ಗೆ ಒಂಬತ್ತಕ್ಕೆ ಅಣ್ಣ ಫೋನ್ ಮಾಡಿ, "ಪುಟ್ಟಿ, ಗೇಟು ತೆಗ್ದಿದೀನಾ ನೋಡೇ" ಎಂದು ಕೇಳಿದ. ವಯಸ್ಸಾಯಿತು ಎಂದುಕೊಂಡಳು. ಅದೇ ದಿನ ಹತ್ತಕ್ಕೆ ಮತ್ತೆ ಕೇಳಿದ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಳು. ಮನುಷ್ಯನಿಗೆ ಬೇಡದ್ದನ್ನು ಕಾಣದೇ ಇರುವುದಕ್ಕೆ ನೂರು ದಾರಿ ಇರುತ್ತವೆ, ಅವಳು ನೂರನ್ನೂ ಬಳಸಿದಳು.

ಹೀಗಿರುವಾಗ ಒಂದು ಬೆಳಿಗ್ಗೆ ಹೊಳೆಯ ಪಾತ್ರದಲ್ಲಿ ಗಾಡಿ ನಿಲ್ಲಿಸಿ ತೊಳೆಯುತ್ತಿದ್ದ ಡ್ರೈವರ್ ಒಬ್ಬ ಬೆನ್ನ ಹಿಂದೆ ಏನೋ ಸದ್ದಾಯಿತೆಂದು ತಿರುಗಿ ನೋಡಿದರೆ ಎದೆ ಮಟ್ಟದ ನೀರು ನುಗ್ಗಿ ಬರುತ್ತಿತ್ತು. ಗಾಡಿಯ ನೆತ್ತಿ ಹತ್ತಿದ. ಗಾಡಿ ಅವನನ್ನು ಹೊತ್ತುಕೊಂಡೇ ಮುಂದಿನ ತಿರುವಿನ ತನಕ ಹೋಗಿ ಬಂಡೆಗೆ ಸಿಕ್ಕಿಕೊಂಡಿತು. ಜೀವ ಉಳಿಯಿತು, ಒಂದು ತೋಳು ಮುರಿಯಿತು. ಅವನು ಕೊಟ್ಟ ದೂರಿನಲ್ಲಿ ಇದ್ದದ್ದು ಒಂದೇ ಮಾತು: ಸೈರನ್ ಹೊಡೆಯಲಿಲ್ಲ.

ಸೈರನ್ ಹೊಡೆಯದೆ ಗೇಟೇ ತೆರೆಯದ ಹಾಗೆ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮಾಡಬಹುದಿತ್ತು. ಆ ಕಡತ ಮೇಲಿನ ಆಫೀಸಿನಲ್ಲಿ ಆರು ವರ್ಷದಿಂದ ಯಾರದೋ ಚಹಾ ಲೋಟದ ಕೆಳಗೆ ಮಲಗಿದೆ!

ಯಾವ ಗುಂಡಿಯನ್ನು ಯಾರು ಎಷ್ಟು ಹೊತ್ತಿಗೆ ಒತ್ತಿದರು ಎಂಬ ದಾಖಲೆ ಕಂಪ್ಯೂಟರಿನಲ್ಲಿ ತಾನೇ ಬರೆದುಕೊಳ್ಳುತ್ತದೆ. ಅದನ್ನು ನೋಡುವ ಅಧಿಕಾರ ಇದ್ದವಳು ಪಾಸ್‌ವರ್ಡ್ ಅಕ್ಕ ಒಬ್ಬಳೇ. ನೋಡಿದಳು. ಏಳು ಗಂಟೆಗೆ ಗೇಟು. ಅದಕ್ಕೆ ಮುಂಚೆ ಏನೂ ಇಲ್ಲ. ಗೇಟು ಮನೆಗೆ ಓಡಿ ಹೋಗಿ ಸೈರನ್ ಪರೀಕ್ಷಿಸಿದಳು. ಕೆಟ್ಟಿರಲಪ್ಪಾ, ಏನಾದರೂ ಆಗಿರಲಿ ಎಂದು ಬೇಡಿಕೊಂಡೇ ಒತ್ತಿದಳು. ಅದು ಊರಿಗೆಲ್ಲ ಕೇಳುವ ಹಾಗೆ ಕೂಗಿತು. ವಾಪಸು ಬಂದು, ಕೂತು, ವರದಿ ಬರೆದಳು: 'ಸೈರನ್ ದೋಷ. ಸರಿಪಡಿಸಲಾಗಿದೆ.' ಇಪ್ಪತ್ತೊಂದು ವರ್ಷದಲ್ಲಿ ಅವಳು ಬರೆದ ಮೊದಲ ಸುಳ್ಳು ಅದು.

ಅತ್ತಿಗೆಯನ್ನು ಕೇಳಿದಳು. ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಾಗಿಲ ಸಂದಿಯಲ್ಲೇ ನಿಂತು ಹೇಳಿದಳು. "ದಿನಾ ನಾನು ಪಕ್ಕದಲ್ಲಿ ನಿಂತಿರ್ತೀನಮ್ಮ. ಈಗ ಸೈರನ್, ಈಗ ಕಾಯಿರಿ, ಈಗ ಗೇಟು ಅಂತ ಹೇಳ್ತೀನಿ. ಅವ್ರು ಒತ್ತುತ್ತಾರೆ. ಅವತ್ತು ಹಾಲು ತರಕ್ಕೆ ಹೋಗಿದ್ದೆ, ಅಂಗಡೀಲಿ ಸ್ವಲ್ಪ ತಡ ಆಯ್ತು. ನನ್ನಿಂದ್ಲೇ ಆಗಿದ್ದು."

"ಎಷ್ಟು ದಿನದಿಂದ ಅತ್ತಿಗೆ?"

"ವರ್ಷ ಆಗಿರ್ಬೇಕು. ನಿಂಗೆ ಹೇಳ್ಬೇಡ ಅಂದಿದ್ರು. ನೀನು ಸಣ್ಣವಳು, ಹೆದರ್ಕೋತೀಯ ಅಂತ."

ಸಣ್ಣವಳು! ನಲವತ್ತೇಳಾಗಿ ಕೂದಲಿಗೆ ಬಣ್ಣ ಹಚ್ಚುತ್ತಿದ್ದ ಸಣ್ಣವಳು ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಅತ್ತಳು.

ಹೇಳಬೇಕಿತ್ತು. ಅವತ್ತೇ ಸಾಹೇಬರಿಗೆ ಹೇಳಬೇಕಿತ್ತು, ಇಲ್ಲವೇ ಅಣ್ಣನಿಗೇ ಹೇಳಬೇಕಿತ್ತು. ಯಾವ ಬಾಯಲ್ಲಿ ಹೇಳುವುದು? ಸಾಕಿ, ಓದಿಸಿ, ಆಫೀಸಿನ ಪರೀಕ್ಷೆಗೆ ಕೈ ಹಿಡಿದು ಕರೆದುಕೊಂಡು ಹೋಗಿ ಹೊರಗೆ ಬಿಸಿಲಲ್ಲಿ ಮೂರು ತಾಸು ನಿಂತಿದ್ದವನಿಗೆ, ನಿನ್ನ ಕೈಲಿ ಇನ್ನು ಆಗುವುದಿಲ್ಲ ಎಂದು ಅವಳು ಹೇಳಬೇಕೇ? ಅದು ನುಂಗಲಾರದ ತುತ್ತು. ಇನ್ನು ಹಾಲಿಗೂ ಹೋಗಬೇಡಿ, ಎಲ್ಲಿಗೂ ಹೋಗಬೇಡಿ ಎಂದು ಅತ್ತಿಗೆಗೆ ತಾಕೀತು ಮಾಡಿ ದಿನ ತಳ್ಳಿದಳು. ದಿನಾ ಬೆಳಿಗ್ಗೆ ಏಳಕ್ಕೆ ಮೊದಲೇ ದಾಖಲೆ ತೆರೆದು ಕೂರುತ್ತಿದ್ದಳು. ದಾಖಲೆಯಲ್ಲಿ ಮೂರು ಸೈರನ್ ಬಿದ್ದ ಮೇಲೆಯೇ ಕಾಫಿ.

ಎರಡು ತಿಂಗಳ ಮೇಲೆ ಆ ಸುತ್ತೋಲೆ ಬಂತು. ಮನೆಯಿಂದ ಕೆಲಸ ಮಾಡುವವರ ಕಂಪ್ಯೂಟರುಗಳಲ್ಲಿ ರಿಮೋಟ್ ಡೆಸ್ಕ್‌ಟಾಪ್ ನೆನಪಿಟ್ಟುಕೊಂಡ ಲಾಗಿನ್ ವಿವರಗಳನ್ನೆಲ್ಲ ತಿಂಗಳೊಳಗೆ ಅಳಿಸತಕ್ಕದ್ದು. ಇನ್ನು ಮುಂದೆ ಪ್ರತಿಯೊಬ್ಬರೂ ಪಾಸ್‌ವರ್ಡನ್ನು ತಾವೇ ಒತ್ತತಕ್ಕದ್ದು. ಮೂರು ಸಲ ತಪ್ಪಿದರೆ ಲಾಗಿನ್ ಬಂದ್. ಎಲ್ಲೋ ಯಾರದೋ ಕಂಪ್ಯೂಟರ್ ಕಳುವಾಗಿತ್ತಂತೆ, ಅದಕ್ಕೆ ಈ ಆಜ್ಞೆ. ಆಫೀಸಿನಲ್ಲಿ ಎಲ್ಲರೂ ಶಾಪ ಹಾಕಿದರು. ಪಾಸ್‌ವರ್ಡ್ ಅಕ್ಕ ಮಾತ್ರ ಆ ಕಾಗದವನ್ನು ಎರಡು ಸಲ ಓದಿದಳು.

ಅವಳ ಲೆಕ್ಕಾಚಾರ ಇಷ್ಟೇ. ಬೆಳಿಗ್ಗೆ ಏನು ತಿಂದೆ ಎಂಬುದು ನೆನಪಿಲ್ಲದವನಿಗೆ ಮೂರು ವರ್ಷದಿಂದ ಒತ್ತದ ಪಾಸ್‌ವರ್ಡ್ ನೆನಪಿರುವುದುಂಟೇ? ಅಳಿಸುವುದು, ಒತ್ತು ಅನ್ನುವುದು. ಮೂರು ಸಲ ತಪ್ಪುತ್ತಾನೆ, ಬಾಗಿಲು ಮುಚ್ಚುತ್ತದೆ. ಅವಳು ಬಾಯಿ ಬಿಡುವುದೇ ಬೇಡ. ಹಾಳಾದ ಕಂಪ್ಯೂಟರು, ಹಾಳಾದ ಸುತ್ತೋಲೆ ಎಂದು ಅಣ್ಣನ ಜೊತೆ ಸೇರಿ ತಾನೂ ಬೈದರಾಯಿತು. ಎಂಥ ಹೇಡಿತನ ಅಂತೀರಾ? ಹೌದು, ಹೇಡಿತನವೇ. ಅವಳೂ ಹಾಗೇ ಅಂದುಕೊಂಡಳು, ಆದರೂ ಹೊರಟಳು.

ಬೆಳಿಗ್ಗೆ ಆರೂವರೆಗೆ ಅಣ್ಣನ ಮನೆ ತಲುಪಿದಳು. ಅವನು ಆಗಲೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿ, ಮೇಜಿನ ಮುಂದೆ ಕೂತಿದ್ದ. ಮನೆಯಲ್ಲೇ ಆದರೂ ಕೆಲಸ ಕೆಲಸವೇ. "ಏನೇ ಪುಟ್ಟಿ, ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು? ಏ ಇವಳೇ, ಮೇಡಮ್ಮೋರು ಬಂದಿದಾರೆ, ಕಾಫಿ ಇಡು," ಎಂದು ಒಳಗೆ ಕೂಗಿದ. ನಗುನಗುತ್ತಿದ್ದ. ಅವಳು ಅಡುಗೆಮನೆಗೆ ಹೋಗಿ ಪಿಸುಗುಟ್ಟಿದಳು. "ಅತ್ತಿಗೆ, ಇವತ್ತು ನೀವು ಆಚೆ ಬರ್ಬೇಡಿ. ಏನೂ ಹೇಳ್ಕೊಡ್ಬೇಡಿ."

ಅತ್ತಿಗೆ ಅವಳ ಮುಖವನ್ನೇ ನೋಡಿದಳು. ಒಲೆಯ ಕಡೆ ತಿರುಗಿದಳು.

ಹೊರಗೆ ಬಂದು ಕುರ್ಚಿ ಎಳೆದು ಕೂತಳು. ರಿಮೋಟ್ ಡೆಸ್ಕ್‌ಟಾಪಿನ ಕಿಟಕಿಯಲ್ಲಿ ಅಣ್ಣನ ಹೆಸರು ತಾನೇ ಮೂಡಿತ್ತು. ಅದರ ಕೆಳಗೆ 'ಅಳಿಸು' ಎಂಬ ಸಣ್ಣ ಅಕ್ಷರ. ಒತ್ತಿದಳು. ಅಷ್ಟಕ್ಕೇ ಮುಗಿಯುವುದಿಲ್ಲ, ಇದರಲ್ಲಿ ಅವಳದ್ದು ಎತ್ತಿದ ಕೈ. ಕಂಟ್ರೋಲ್ ಪ್ಯಾನೆಲ್ ಒಳಗೆ ಹೋಗಿ, ಕಂಪ್ಯೂಟರು ಪಾಸ್‌ವರ್ಡುಗಳನ್ನೆಲ್ಲ ಬಚ್ಚಿಡುವ ಪಟ್ಟಿ ತೆರೆದು, ಅಲ್ಲಿದ್ದ ಗೇಟು ಮನೆಯ ನಮೂದನ್ನೂ ತೆಗೆದಳು. ಹಿಂದೆ ಯಾವ ಯಾವ ಕಂಪ್ಯೂಟರಿಗೆ ಹೋಗಿದ್ದ ಎಂಬ ಸಾಲು ಬೇರೆ ಇತ್ತು. ಅದನ್ನೂ ಖಾಲಿ ಮಾಡಿದಳು. ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಿದಳು. ತೆರೆದರೆ ಹೆಸರಿನ ಜಾಗವೂ ಖಾಲಿ, ಪಾಸ್‌ವರ್ಡಿನ ಜಾಗವೂ ಖಾಲಿ. ಹೆಸರನ್ನು ತಾನೇ ತುಂಬಿ ಪಾಸ್‌ವರ್ಡಿನ ಜಾಗ ಹಾಗೇ ಬಿಟ್ಟಳು.

"ಏನೇನು ಮಾಡಿದ್ಯೇ ಅದಕ್ಕೆ?"

"ಮೇಲಿಂದ ಆರ್ಡರ್ ಬಂದಿದೆ ಅಣ್ಣ. ಇನ್ಮೇಲೆ ಅದು ನೆನಪಿಟ್ಕೊಳ್ಳಲ್ಲ. ನೀನೇ ಒತ್ಬೇಕು."

"ಅಷ್ಟೇನಾ? ಸರಿ ಏಳು, ಜಾಗ ಬಿಡು."

ಅವಳು ಎದ್ದಳು. ರೂಢಿಯಂತೆ ಗೋಡೆಯ ಕಡೆ ಮುಖ ಮಾಡಿ ನಿಂತಳು. ಸುಣ್ಣ ಬಿರಿದ ಒಂದು ಗೆರೆ ಕಣ್ಣ ಮುಂದೆಯೇ ಇತ್ತು. ಕೇಳಿಸಿಕೊಂಡಳು. ಈಗ ನಿಲ್ಲುತ್ತಾನೆ, ಈಗ ತಡವರಿಸುತ್ತಾನೆ, ಈಗ ಪುಟ್ಟೀ ಎಂದು ಕರೆಯುತ್ತಾನೆ. ಟಕಟಕಟಕ ಎಂದು ಹನ್ನೆರಡು ಅಕ್ಷರ ಒಂದೇ ಉಸಿರಿಗೆ ಬಿದ್ದವು. ಎಲ್ಲೂ ತಡೆಯಲಿಲ್ಲ.

"ಆಯ್ತು ನೋಡು," ಎಂದ ಅಣ್ಣ.

ತಿರುಗಿದರೆ ಪರದೆಯ ತುಂಬ ಗೇಟು ಮನೆ. ನಾಲ್ಕು ಗುಂಡಿ, ನೀರಿನ ಮಟ್ಟ, ಎಲ್ಲಾ. ಅವನು ಹಿಂದಕ್ಕೆ ಒರಗಿ ಗೆದ್ದವನ ಹಾಗೆ ನಗುತ್ತಿದ್ದ. "ಏನಂದ್ಕೊಂಡೆ ನಿಮ್ಮಣ್ಣನ್ನ? ಅದೇನು ಅಂತ ಕೇಳಿದ್ರೆ ಹೇಳಕ್ಕೆ ಬರಲ್ಲ ಕಣೇ, ಆದ್ರೆ ಬೆರಳಿಗೆ ಗೊತ್ತು. ಹನ್ನೆರಡು ವರ್ಷ ಒತ್ತಿಲ್ವಾ!"

ಬೇರೆ ಯಾವ ದಿನವಾಗಿದ್ದರೂ ಅವಳು ಕುಣಿದಾಡುತ್ತಿದ್ದಳು. ಅವತ್ತು ಕುರ್ಚಿಯ ಬೆನ್ನು ಹಿಡಿದು ನಿಂತಳು. ಯಂತ್ರ ಅವಳ ಕೆಲಸ ಮಾಡಿಕೊಡಲಿಲ್ಲ. ಬಾಗಿಲು ಹಾಗೇ ತೆರೆದಿತ್ತು.

ಗೋಡೆಯ ಗಡಿಯಾರದಲ್ಲಿ ಏಳಕ್ಕೆ ಒಂದು ನಿಮಿಷ. ಈ ಗಡಿಬಿಡಿಯಲ್ಲಿ ಮೊದಲ ಸೈರನ್ನಿನ ಹೊತ್ತು ಆಗಲೇ ಮೀರಿತ್ತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಅಣ್ಣ ಮುಂದಕ್ಕೆ ಬಾಗಿದ. ಅವಳು ಮನಸ್ಸಿನಲ್ಲೇ ಸೈರನ್ ಸೈರನ್ ಎಂದು ಕೂಗುತ್ತಿದ್ದಳು. ಅವನ ಕೈ ನೆಟ್ಟಗೆ ಎರಡನೇ ಗೇಟಿನ ಗುಂಡಿಯ ಮೇಲೆ ಹೋಗಿ ನಿಂತಿತು.

ಅವಳು ಮಣಿಕಟ್ಟು ಹಿಡಿದುಕೊಂಡಳು.

"ಯಾಕೇ?"

"ಸೈರನ್ ಅಣ್ಣ."

"ಹೊಡೆದೆನಲ್ಲ. ಈಗ ತಾನೇ ಮೂರು ಸಲ ಹೊಡೆದೆ. ನೀನು ಇಲ್ಲೇ ಇದ್ಯಲ್ಲ!"

"ದೀಪ ನೋಡು." ಸೈರನ್ ಹೊಡೆದರೆ ಪಕ್ಕದಲ್ಲಿ ಒಂದು ಕೆಂಪು ದೀಪ ಹತ್ತುತ್ತದೆ. ಅದು ಹತ್ತಿರಲಿಲ್ಲ.

ಅವನು ನೋಡಿದ. ಅವಳನ್ನು ನೋಡಿದ, ಮತ್ತೆ ದೀಪವನ್ನು ನೋಡಿದ. ಅವನ ಬೆರಳು ಗುಂಡಿಯಿಂದ ತಾನೇ ಹಿಂದೆ ಸರಿಯಿತು. ಅದರಿಂದ ಅವಳಿಗೆ ತಿಳಿಯಿತು, ಅವನಿಗೂ ತಿಳಿಯಿತೆಂದು.

ಇನ್ನೊಂದು ಕೈಯಿಂದ ಗೇಟು ಮನೆಯ ಕಾವಲುಗಾರನಿಗೆ ಫೋನ್ ಹಚ್ಚಿ, ಇವತ್ತು ಸೈರನ್ನೂ ಗೇಟೂ ಅಲ್ಲಿಂದಲೇ ನೋಡಿಕೊಳ್ಳಿ ಎಂದಳು. ಫೋನ್ ಇಟ್ಟಳು. ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

"ಅಣ್ಣ, ನಾಳೆಯಿಂದ ನೀನು ಗೇಟು ತೆಗೀಬೇಡ."

"ಯಾರು ಹೇಳಿದ್ದು? ಇಂಜಿನಿಯರಾ?"

ಹೌದು ಎಂದುಬಿಡಬಹುದಿತ್ತು. ಎಷ್ಟು ಸಲೀಸಾದ ಮಾತು! ನಾಲಿಗೆಯ ತುದಿಗೇ ಬಂದಿತ್ತು.

"ನಾನು ಹೇಳ್ತಿರೋದು. ಆ ಡ್ರೈವರ್ ಗಾಡಿ ಕೊಚ್ಚಿಕೊಂಡು ಹೋಗಿದ್ದು ಸೈರನ್ ಕೆಟ್ಟಿದ್ದಕ್ಕಲ್ಲ ಅಣ್ಣ. ನಾನೇ ಹಾಗೆ ಬರೆದೆ. ಸುಳ್ಳು ಬರೆದೆ."

ಅವನು ತನ್ನ ಕೈ ಬಿಡಿಸಿಕೊಂಡ. ಅಂಗಿಯ ತೋಳು ಸರಿಮಾಡಿಕೊಂಡ. ಆಮೇಲೆ ತಂಗಿಯ ಮುಖ ನೋಡದೆ, "ಆಯ್ತು ಮೇಡಂ, ನೀವು ಹೇಳಿದ ಹಾಗೇ ಆಗ್ಲಿ," ಎಂದ. ಈ ಸಲ ನಗಲಿಲ್ಲ. ಅತ್ತಿಗೆ ಕಾಫಿ ತಂದಿಟ್ಟಳು. ಮೂರು ಲೋಟವೂ ಆರಿ ಹೋದವು.

ಅವತ್ತೇ ಅವಳು ಸಾಹೇಬರ ಕೋಣೆಗೆ ಹೋಗಿ ನಿಂತು ಹಳೆಯ ವರದಿ ಸುಳ್ಳು ಎಂದು ಬರೆದು ಕೊಟ್ಟಳು. ಸಾಹೇಬರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಅವಳ ಕಡತಕ್ಕೆ ಒಂದು ಕರಿಗೆರೆ ಬಿತ್ತು, ದಾಖಲೆ ನೋಡುವ ಅಧಿಕಾರ ಇನ್ನೊಬ್ಬರ ಕೈಗೆ ಹೋಯಿತು. ಹೋಗಲಿ, ಅದಕ್ಕವಳು ತಯಾರಾಗಿಯೇ ಬಂದಿದ್ದಳು. ಸರ್ವರಿನಲ್ಲಿ ಅಣ್ಣನ ಲಾಗಿನ್ನನ್ನು ತನ್ನ ಕೈಯಿಂದಲೇ ಮುಚ್ಚಿದಳು. ಅತ್ತಿಗೆಗೆ ಫೋನ್ ಮಾಡಿ ಆಯಿತು ಎಂದಳು. ಮುಗಿಯಿತು ಎಂದುಕೊಂಡಳು.

ಮರುದಿನ ಬೆಳಿಗ್ಗೆ ಆರೂ ಮುಕ್ಕಾಲಿಗೆ ಫೋನ್ ಬಂತು.

"ಪುಟ್ಟಿ, ಯಾಕೋ ಒಳಗೇ ಬಿಡ್ತಿಲ್ಲ ಕಣೇ ಇದು. ಪಾಸ್‌ವರ್ಡ್ ಸರಿಯಾಗೇ ಒತ್ತಿದೀನಿ. ಬೇಗ ನೋಡು, ಏಳಾಗ್ತಾ ಬಂತು."

ಅವನ ದನಿಯಲ್ಲಿ ಸಿಟ್ಟಿಲ್ಲ, ನಿನ್ನೆಯದ್ದು ಏನೂ ಇಲ್ಲ. ಅವಳು ಹಾಸಿಗೆಯ ಮೇಲೆ ಎದ್ದು ಕೂತಳು. ಒಮ್ಮೆ ಹೇಳಿ ಮುಗಿಸುವ ಮಾತು ಅದು ಎಂದು ನಂಬಿದ್ದಳು, ಪಾಪ. ಮತ್ತೆ ಹೇಳಿದಳು. ಅವನು ಮೊದಲ ಸಲ ಕೇಳಿದವನ ಹಾಗೇ ಕೇಳಿದ, ಮತ್ತೆ ಹಾಗೇ ಕುಗ್ಗಿದ. ಮೂರನೆಯ ದಿನವೂ ಫೋನ್. ನಾಲ್ಕನೆಯ ದಿನವೂ. ಬೇಡ ಅಂದರೂ ಕೇಳುವುದಿಲ್ಲ, ಫೋನ್ ಬಚ್ಚಿಟ್ಟರೆ ಮನೆಯೆಲ್ಲ ಹುಡುಕಿ ಅತ್ತು ಗಲಾಟೆ ಮಾಡುತ್ತಾರೆ ಎಂದಳು ಅತ್ತಿಗೆ.

ಐದನೆಯ ದಿನ ಅವಳಿಗೆ ತಡೆಯಲಾಗಲಿಲ್ಲ. "ಇಂಜಿನಿಯರ್ ಸಾಹೇಬ್ರು ಬಂದ್ ಮಾಡ್ಸಿದಾರೆ ಅಣ್ಣ, ನಂಗೇನೂ ಗೊತ್ತಿಲ್ಲ," ಎಂದುಬಿಟ್ಟಳು. ಎದೆ ಹಗುರಾಯಿತು. ಆ ಹಗುರ ಎರಡು ಗಂಟೆಯೂ ಉಳಿಯಲಿಲ್ಲ. ಅವನು ಅತ್ತಿಗೆ ಸ್ನಾನಕ್ಕೆ ಹೋಗಿದ್ದಾಗ ಮನೆ ಬಿಟ್ಟಿದ್ದ. ಎಂಟು ಗಂಟೆಗೆ ಕಾವಲುಗಾರ ಫೋನ್ ಮಾಡಿದ: ಗೇಟಣ್ಣ ಬರಿಗಾಲಲ್ಲಿ ಎಂಬತ್ತು ಮೆಟ್ಟಿಲು ಹತ್ತಿ ಬಂದು ನೀರಿನ ಮೇಲಿನ ಕಬ್ಬಿಣದ ಹಾದಿಯಲ್ಲಿ ಕೂತಿದ್ದಾರೆ, ಸಾಹೇಬರನ್ನು ಕರೆಸು, ಅವರ ಹತ್ತಿರ ನ್ಯಾಯ ಕೇಳಬೇಕು ಅಂತಿದ್ದಾರೆ, ಇಳಿಯಲಾರರು. ಇಬ್ಬರು ಸೇರಿ ಹೊತ್ತುಕೊಂಡು ಇಳಿಸಿದರು. ಕೆಳಗೆ ಅರ್ಧ ತೆರೆದ ಗೇಟು ಭೋರ್ಗರೆಯುತ್ತಿತ್ತು.

ಆಮೇಲೆ ಅವಳು ಆ ಮಾತು ಎಂದೂ ಹೇಳಲಿಲ್ಲ. ಸಾಹೇಬರ ಮೇಲೆ ಹೇಳಿದರೆ ಜಗಳಕ್ಕೆ ಹೊರಡುತ್ತಾನೆ, ಕಂಪ್ಯೂಟರು ಕೆಟ್ಟಿದೆ ಎಂದರೆ ಗೇಟು ಮನೆಗೇ ಹೊರಡುತ್ತಾನೆ. ತಂಗಿ ಹೇಳಿದಳು ಎಂದರೆ ಮಾತ್ರ ಎಲ್ಲಿಗೂ ಹೊರಡುವುದಿಲ್ಲ. ಫೋನ್ ಇಟ್ಟು ಗೋಡೆ ನೋಡುತ್ತಾ ಕೂತುಬಿಡುತ್ತಾನೆ, ಹತ್ತು ಗಂಟೆಯ ಹೊತ್ತಿಗೆ ಮರೆಯುತ್ತಾನೆ. ಬೇರೆ ದಾರಿ ಇಲ್ಲ ಎಂದಾಯಿತು.

ಈಗ ಏಳು ತಿಂಗಳಾಯಿತು. ಒಂದು ದಿನವೂ ತಪ್ಪಿಲ್ಲ. ಆರೂ ಮುಕ್ಕಾಲಿಗೆ ಮೊದಲೇ ಅವಳು ಎದ್ದು ಮುಖ ತೊಳೆದು ಫೋನ್ ಮುಂದಿಟ್ಟುಕೊಂಡು ಕೂತಿರುತ್ತಾಳೆ. ಒಳಗೆ ಬಿಡ್ತಿಲ್ಲ ಕಣೇ ಎನ್ನುತ್ತಾನೆ. ನಿನ್ನ ಲಾಗಿನ್ ಮುಚ್ಚಿದೆ ಅಣ್ಣ, ಇನ್ನು ನೀನು ಗೇಟು ತೆಗೆಯುವ ಹಾಗಿಲ್ಲ ಎನ್ನುತ್ತಾಳೆ.

"ಯಾರು ಮುಚ್ಚಿದ್ದು?"

"ನಾನು."

"ನೀನಾ ಪುಟ್ಟಿ?"

"ಹೌದಣ್ಣ, ನಾನೇ."